ಮೋಸೆಲ್ ದಂಡೆಯ ಸೈಕಲ್ ದಾರಿ

ಜರ್ಮನಿಯ ಕೋಬ್ಲೆಂಜ್ ನಗರದ ಹೆಸರು ಲ್ಯಾಟಿನ್ನಿನ ‘ಕೊನ್‌ಫ್ಲುಯೆಂತೆಸ್’ ಎಂಬ ಪದದಿಂದ ಬಂದದ್ದು. ಎರಡು ಹೊಳೆಗಳು ಸೇರುವ ಎಡೆಯನ್ನು ನಾವು ಕೂಡಲವೆಂದು ಕರೆಯುವುದಿಲ್ಲವೆ, ಅದೇ ಅರ್ಥ. ಫ್ರಾನ್ಸಿನ ವೋಜ್ ಪರ್ವತಗಳಲ್ಲಿ ಹುಟ್ಟಿ, ಲಕ್ಸೆಂಬರ್ಗಿನ ಅಂಚನ್ನು ಸವರಿ, ಸುಮಾರು 544 ಕಿಲೋಮೀಟರು ಹರಿದು ಬರುವ ಮೋಸೆಲ್ ನದಿ ಇಲ್ಲಿ ರೈನ್ ನದಿಯನ್ನು ಕೂಡುತ್ತದೆ. ಕೋಬ್ಲೆಂಜಿನಿಂದ ಟ್ರಿಯರ್ ನಗರಕ್ಕೆ ನೇರವಾಗಿ ಅಳೆದರೆ ನೂರು ಕಿಲೋಮೀಟರಿಗೂ ಕಡಮೆ. ನದಿಯ ಜೊತೆಯಲ್ಲೇ ಹೋದರೆ ಸುಮಾರು 190. ಅಷ್ಟೊಂದು ಬಳಸು ದಾರಿ ಈ ನದಿಯದು. ಅದರ ಎರಡೂ ಮಗ್ಗುಲಿನ ಕಡಿದಾದ ಇಳಿಜಾರುಗಳಲ್ಲಿ ದ್ರಾಕ್ಷಿಯ ತೋಟಗಳು. ಅವುಗಳ ಬುಡದಲ್ಲಿ, ನೀರಿನ ಅಂಚಿಗೆ, ಸೈಕಲ್ ದಾರಿ. ದ್ರಾಕ್ಷಾರಸಕ್ಕೆ ಹೆಸರಾದ ಈ ಕಣಿವೆಗೆ ವಿಹಾರಕ್ಕೆಂದು ಬರುವ ಸೈಕಲ್ ಸವಾರರಿಗೆ ಲೆಕ್ಕವಿಲ್ಲ. ಆ ದಾರಿಯಲ್ಲಿ ಇತಿಹಾಸದ ಯಾವ ಯಾವ ಹೆಜ್ಜೆಗಳು ಉಳಿದಿವೆಯೆಂಬುದನ್ನು ನೋಡುವುದು ಈ ಭಾಷಣದ ಉದ್ದೇಶ.

ನದಿಯ ಇತಿಹಾಸವನ್ನು ತಿಳಿಯಲು ಸೈಕಲ್ಲೇ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. 1879ರಲ್ಲಿ ತೆರೆದ ರೈಲುಮಾರ್ಗವು ಕೊಖೆಮ್ ಎಂಬ ಊರಿನ ಬಳಿ ನಾಲ್ಕು ಕಿಲೋಮೀಟರಿಗೂ ಉದ್ದದ ಸುರಂಗವನ್ನು ಹೊಕ್ಕು, ನದಿಯ ದೊಡ್ಡದೊಂದು ಬಳಸನ್ನು ಸಂಪೂರ್ಣವಾಗಿ ಬಿಟ್ಟು ಆಚೆಗೆ ಹೊರಡುತ್ತದೆ. ರೈಲಿಗೆ ಅದು ಲಾಭ. ದಂಡೆಯ ದಾರಿ ಹಿಡಿದ ಸೈಕಲ್ಲಿಗೆ ಆ ಸೌಕರ್ಯವಿಲ್ಲ. ನದಿ ತಿರುಗಿದಲ್ಲೆಲ್ಲ ಅದೂ ತಿರುಗಬೇಕು. ರೈಲು ಬಿಟ್ಟುಹೋದ ಊರುಗಳನ್ನೆಲ್ಲ ಹಾಯ್ದು ಹೋಗಬೇಕು. ಇತಿಹಾಸವನ್ನು ಓದುವವನಿಗೆ ತಕ್ಕ ವೇಗವೂ ಅದೇ.

ಸೈಕಲ್ಲಿನ ಪೂರ್ವಜ ಹುಟ್ಟಿದ್ದೂ ಇಲ್ಲಿಂದ ಬಹು ದೂರದಲ್ಲೇನಲ್ಲ. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಎಂಬಾತ ರೈನ್ ದಂಡೆಯ ಮಾನ್‌ಹೈಮ್ ನಗರದಿಂದ ಎರಡು ಗಾಲಿಗಳ ಮರದ ವಾಹನವೊಂದನ್ನೇರಿ, ನೆಲವನ್ನು ಕಾಲಿನಿಂದ ಒದೆಯುತ್ತ ಸವಾರಿ ಹೊರಟನು. ತುಳಿಯುವ ಪೆಡಲು 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಂದಿತು. ಸಮಗಾತ್ರದ ಗಾಲಿ, ಸರಪಳಿಗಳ ಈಗಿನ ರೂಪವು 1885ರ ಸುಮಾರಿಗೆ ಇಂಗ್ಲೆಂಡಿನಲ್ಲಿ ನೆಲೆಗೊಂಡಿತು. ಆದರೆ ಮೋಸೆಲ್ ದಂಡೆಯ ದಾರಿ ಸೈಕಲ್ಲಿಗಿಂತ ಬಹಳ ಹಳೆಯದು. ಅದರ ಕೆಲವು ಭಾಗಗಳು, ಪ್ರವಾಹಕ್ಕೆದುರಾಗಿ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕುದುರೆಗಳು ತುಳಿದು ಮಾಡಿದ ಹಾದಿಗಳು. ಇನ್ನು ಕೆಲವು, 1960ರ ದಶಕದಲ್ಲಿ ಮುಚ್ಚಿಹೋದ ದಂಡೆಯ ಸಣ್ಣ ರೈಲಿನ ಹಾದಿ. ಊರೂರಿಗೂ ನಿಂತು ಮುಂದೆ ಹೋಗುತ್ತಿದ್ದ ಆ ರೈಲನ್ನು ಜನ ‘ಕುಡುಕರ ರೈಲು’ ಎಂದು ಸಲುಗೆಯಿಂದ ಕರೆಯುತ್ತಿದ್ದರು.

ಈ ಕಣಿವೆಯ ದ್ರಾಕ್ಷಾರಸಕ್ಕೆ ರೋಮನರ ಕಾಲದ ಸಾಕ್ಷ್ಯಗಳಿವೆ. ಟ್ರಿಯರಿನಲ್ಲಿ ಅವರು ಎರಡನೆಯ ಶತಮಾನದಲ್ಲಿ ಕಟ್ಟಿದ ಸೇತುವೆಯ ಕಂಬಗಳು ಇಂದಿಗೂ ವಾಹನಗಳ ಭಾರವನ್ನು ಹೊತ್ತಿವೆ. ನೊಯ್‌ಮಾಗೆನ್ ಎಂಬ ಊರಿನಲ್ಲಿ 1878ರಲ್ಲಿ ದೊರೆತ ಶಿಲ್ಪವೊಂದರಲ್ಲಿ ಪೀಪಾಯಿಗಳನ್ನು ಹೇರಿಕೊಂಡ ಹಡಗೂ ಅದರ ಹುಟ್ಟುಗಾರರೂ ಮೂಡಿದ್ದಾರೆ. ಅದು ಮೂರನೆಯ ಶತಮಾನದ ದ್ರಾಕ್ಷಾರಸದ ವರ್ತಕನೊಬ್ಬನ ಸಮಾಧಿಯದು. ಪೀಸ್‌ಪೋರ್ಟ್ ಗ್ರಾಮದ ತೋಟಗಳ ಬುಡದಲ್ಲಿ 1985ರಲ್ಲಿ ನಾಲ್ಕನೆಯ ಶತಮಾನದ ದೊಡ್ಡದೊಂದು ದ್ರಾಕ್ಷಿ ಗಾಣ ಬೆಳಕಿಗೆ ಬಂದಿತು. ಕ್ರಿ.ಶ. 371ರ ಸುಮಾರಿಗೆ ಕವಿ ಆಸೋನಿಯಸ್ ಈ ನದಿಯ ಮೇಲೆಯೇ ‘ಮೊಸೆಲ್ಲಾ’ ಎಂಬ ದೀರ್ಘ ಕಾವ್ಯವನ್ನು ಬರೆದನು. ನದಿಯ ಮೀನುಗಳನ್ನು ಒಂದೊಂದಾಗಿ ಹೆಸರಿಸುವ ಆ ಕವಿ ಒಂದೆಡೆ ಸೊಗಸಾದ ನೋಟವೊಂದನ್ನು ಕೊಟ್ಟಿದ್ದಾನೆ: ಇಳಿಜಾರಿನ ಮೇಲೆ ದುಡಿಯುತ್ತಿರುವ ತೋಟಿಗರನ್ನು, ಕೆಳಗೆ ದಂಡೆಯಲ್ಲಿ ನಡೆದು ಹೋಗುವ ದಾರಿಗನು ಕೂಗಿ ಗೇಲಿ ಮಾಡುತ್ತಾನೆ. ಮೇಲೆ ದುಡಿಯುವವನು, ಕೆಳಗೆ ಹಾದುಹೋಗುವವನು — ಈ ಕಣಿವೆಯ ಇತಿಹಾಸವೆಲ್ಲ ಈ ಇಬ್ಬರ ನಡುವಿನದೆಂದರೂ ಸಲ್ಲುತ್ತದೆ.

ಮೇಲಿನವನ ದುಡಿಮೆ ಸಾಮಾನ್ಯವಾದುದಲ್ಲ. ನಂದಿಬೆಟ್ಟದ ಸುತ್ತಿನ ಚಪ್ಪರದ ದ್ರಾಕ್ಷಿಯನ್ನು ನೋಡಿದ ನಮ್ಮ ಕಣ್ಣಿಗೆ ಅಲ್ಲಿಯ ಬೇಸಾಯ ವಿಚಿತ್ರವಾಗಿ ತೋರುತ್ತದೆ. ಅಲ್ಲಿನ ಹಳೆಯ ಪದ್ಧತಿಯಲ್ಲಿ ಒಂದೊಂದು ಬಳ್ಳಿಗೂ ಒಂದೊಂದು ಗೂಟ. ನೆಲವೆಲ್ಲ ಸ್ಲೇಟು ಕಲ್ಲಿನ ಚಕ್ಕೆ. ನಮ್ಮ ಮಕ್ಕಳು ಅಕ್ಷರ ತಿದ್ದುತ್ತಿದ್ದ ಹಲಗೆಯ ಜಾತಿಯ ಕಲ್ಲು ಅದು. ಹಗಲಿನ ಬಿಸಿಲನ್ನು ಹೀರಿಟ್ಟುಕೊಂಡು ಇರುಳಿನಲ್ಲಿ ಬಳ್ಳಿಗೆ ಕಾವು ಕೊಡುವ ಈ ಕಲ್ಲೂ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರೂ ಇರುವುದರಿಂದಲೇ ಅಂಥ ಚಳಿನಾಡಿನಲ್ಲಿ ದ್ರಾಕ್ಷಿ ಮಾಗುವುದು. ಬ್ರೆಮ್ ಗ್ರಾಮದ ಬಳಿಯ ಕಾಲ್ಮೊಂಟ್ ಬೆಟ್ಟದಲ್ಲಿ ತೋಟದ ಇಳಿಜಾರು ಕೆಲವೆಡೆ 65 ಡಿಗ್ರಿಯನ್ನು ಮುಟ್ಟುತ್ತದೆ. ಅಲ್ಲಿ ಟ್ರಾಕ್ಟರು ಏರದು. ಬಳ್ಳಿ ಸವರುವುದೂ ಗೊನೆ ಕೊಯ್ಯುವುದೂ ಕೈಯಿಂದಲೇ ಆಗಬೇಕು. ಮಳೆಗೆ ಜಾರಿಬಿದ್ದ ಮಣ್ಣನ್ನು ಹಿಂದೆ ಬೆನ್ನಿನ ಮೇಲೆ ಹೊತ್ತು ಮತ್ತೆ ಮೇಲೇರಿಸುತ್ತಿದ್ದರು.

ಇಷ್ಟು ದುಡಿದವನಿಗೆ ದೊರೆತುದೇನು? 1787ರಲ್ಲಿ ಟ್ರಿಯರಿನ ಒಡೆಯನಾಗಿದ್ದ ಧರ್ಮಾಧ್ಯಕ್ಷ ಕ್ಲೆಮೆನ್ಸ್ ವೆನ್ಸೆಸ್ಲೌಸ್, ಕೀಳು ಜಾತಿಯ ಬಳ್ಳಿಗಳನ್ನು ಕಿತ್ತು ಉತ್ತಮ ಜಾತಿಯವನ್ನು ನೆಡಬೇಕೆಂದು ಆಜ್ಞೆ ಹೊರಡಿಸಿದನು. ರೀಸ್ಲಿಂಗ್ ತಳಿಗೆ ಅದರಿಂದ ಬಲ ಬಂದಿತು, ಕಣಿವೆಗೆ ಕೀರ್ತಿಯೂ ಬಂದಿತು. 1815ರಲ್ಲಿ ಪ್ರಷ್ಯದ ಆಡಳಿತ ಬಂದಾಗ ಅದರ ಸುಂಕದ ಗೋಡೆ ಮೋಸೆಲಿನ ರೈತನಿಗೆ ಆಸರೆಯಾಯಿತು. ಅದನ್ನೇ ನಂಬಿ ಅವನು ತೋಟವನ್ನು ವಿಸ್ತರಿಸಿದನು. ಆದರೆ 1834ರಲ್ಲಿ ಜರ್ಮನ್ ರಾಜ್ಯಗಳ ಸುಂಕದ ಒಕ್ಕೂಟ ಏರ್ಪಟ್ಟು, ದಕ್ಷಿಣದ ದ್ರಾಕ್ಷಾರಸ ತಡೆಯಿಲ್ಲದೆ ಒಳಬಂದಿತು. ಬೆಲೆ ಕುಸಿಯಿತು, ಸಾಲ ಬೆಳೆಯಿತು. ಟ್ರಿಯರಿನಲ್ಲಿಯೇ ಹುಟ್ಟಿದ ಇಪ್ಪತ್ತನಾಲ್ಕರ ಹರೆಯದ ಪತ್ರಿಕಾ ಸಂಪಾದಕನೊಬ್ಬ 1843ರ ಜನವರಿಯಲ್ಲಿ ಈ ರೈತರ ಸಂಕಟವನ್ನು ಕುರಿತು ಲೇಖನಮಾಲೆ ಬರೆದನು. ಆತ ಕಾರ್ಲ್ ಮಾರ್ಕ್ಸ್. ಅದೇ ವರ್ಷ ಸರ್ಕಾರ ಆ ಪತ್ರಿಕೆಯನ್ನು ಮುಚ್ಚಿಸಿತು. ತನ್ನನ್ನು ಅರ್ಥಶಾಸ್ತ್ರದ ಕಡೆಗೆ ಮೊದಲು ತಿರುಗಿಸಿದ ಸಂಗತಿಗಳಲ್ಲಿ ಮೋಸೆಲ್ ರೈತರ ಸ್ಥಿತಿಯೂ ಒಂದೆಂಬುದನ್ನು ಮಾರ್ಕ್ಸ್ 1859ರ ಮುನ್ನುಡಿಯೊಂದರಲ್ಲಿ ಹೇಳಿದ್ದಾನೆ.

ರೈತರು ಎಂದೆಂದೂ ಮೌನವಾಗಿ ಉಳಿದವರಲ್ಲ. 1926ರ ಫೆಬ್ರವರಿ 25ರಂದು ಬೆರ್ನ್‌ಕಾಸ್ಟೆಲ್-ಕೂಸ್ ಪಟ್ಟಣದಲ್ಲಿ ಅವರು ತೆರಿಗೆ ಕಛೇರಿಗೆ ನುಗ್ಗಿದರು. ದ್ರಾಕ್ಷಾರಸದ ಮೇಲಿನ ತೆರಿಗೆ ಅದೇ ವರ್ಷ ರದ್ದಾಯಿತು.

ಇನ್ನು, ರೈಲು ಬಿಟ್ಟುಹೋಗುವ ಆ ದೊಡ್ಡ ಬಳಸಿಗೆ ಬರೋಣ. ಅಲ್ಲಿಯ ಬೈಲ್‌ಸ್ಟೈನ್ ಎಂಬ ಚೆಲುವಾದ ಹಳ್ಳಿಯನ್ನು ಸವಾರರೆಲ್ಲರೂ ಇಳಿದು ನೋಡುತ್ತಾರೆ. ಮೇಲಿನ ಪಾಳು ಕೋಟೆಯ ಬಳಿಯಲ್ಲಿ ಯಹೂದಿಯರ ಹಳೆಯ ಸ್ಮಶಾನವೊಂದಿದೆ. ಈ ಕಣಿವೆಯ ದ್ರಾಕ್ಷಾರಸದ ವ್ಯಾಪಾರದಲ್ಲಿ ಯಹೂದಿ ವರ್ತಕರ ಪಾತ್ರ ಹಿರಿದಾಗಿತ್ತು. 1933ರ ಅನಂತರ ಅವರನ್ನು ವ್ಯಾಪಾರದಿಂದಲೂ ನಾಡಿನಿಂದಲೂ ಹೊರದೂಡಲಾಯಿತು. ಉಳಿದವರನ್ನು ಸಾವಿನ ಕಡೆಗೆ ಸಾಗಿಸಲಾಯಿತು. ಅಲ್ಲಿಂದ ತುಸು ಕೆಳಗೆ ಬ್ರುಟಿಗ್ ಎಂಬ ಊರು. ಹಳಿಯನ್ನೇ ಕಾಣದೆ ಉಳಿದಿದ್ದ ರೈಲು ಸುರಂಗವೊಂದನ್ನು ನೆಲದಡಿಯ ಕಾರ್ಖಾನೆಯನ್ನಾಗಿ ಮಾಡಲು 1944ರ ಮಾರ್ಚಿಯಿಂದ ಸೆಪ್ಟೆಂಬರಿನವರೆಗೆ ಬ್ರುಟಿಗ್ ಮತ್ತು ಟ್ರೈಸ್ ಊರುಗಳಲ್ಲಿ ನಾಟ್ಸ್‌ವೈಲರ್ ಯಾತನಾ ಶಿಬಿರದ ಶಾಖೆಗಳನ್ನು ನಡೆಸಲಾಯಿತು. ಯೂರೋಪಿನ ನಾನಾ ದೇಶಗಳ ಕೈದಿಗಳು ಅಲ್ಲಿ ಹಸಿವಿನಿಂದ, ಹೊಡೆತದಿಂದ ಸತ್ತರು. ಆ ಬೇಸಗೆಯಲ್ಲಿಯೂ ಮೇಲಿನ ಇಳಿಜಾರುಗಳಲ್ಲಿ ದ್ರಾಕ್ಷಿ ಎಂದಿನಂತೆ ಮಾಗುತ್ತಿತ್ತು. ಈ ದಾರಿಯ ಚೆಲುವನ್ನು ಹೊಗಳುವವರು ಈ ಮಾತನ್ನು ಬಿಟ್ಟು ಹೊಗಳಿದರೆ ಅವರದೂ ರೈಲಿನ ಪ್ರಯಾಣವೇ ಆದೀತು.

ಇದೇ ನದಿಯ ಮೇಲೆಯೇ ಬೇರೊಂದು ಅಧ್ಯಾಯವೂ ಆರಂಭವಾಯಿತು. ಹಗೆಗಳಾಗಿದ್ದ ಫ್ರಾನ್ಸ್ ಮತ್ತು ಜರ್ಮನಿ, ಲಕ್ಸೆಂಬರ್ಗಿನೊಡನೆ 1956ರಲ್ಲಿ ಒಪ್ಪಂದ ಮಾಡಿಕೊಂಡು, ದೊಡ್ಡ ಹಡಗುಗಳು ಸಾಗುವಂತೆ ಅಣೆಗಳನ್ನು ಕಟ್ಟಿ 1964ರಲ್ಲಿ ಜಲಮಾರ್ಗವನ್ನು ತೆರೆದವು. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಶೆಂಗೆನ್ ಗ್ರಾಮದ ಬಳಿ, ಇದೇ ನೀರಿನ ಮೇಲೆ ನಿಂತ ಹಡಗೊಂದರಲ್ಲಿ, ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆಯನ್ನು ಹಂತಹಂತವಾಗಿ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. ಶೆಂಗೆನ್ ಕೂಡ ದ್ರಾಕ್ಷಿ ಬೆಳೆಯುವ ಊರೇ. ಮೂರು ದೇಶಗಳ ದಂಡೆಗಳನ್ನು ಒಂದೇ ಮುಂಜಾನೆಯಲ್ಲಿ ಸೈಕಲ್ ತುಳಿದು ದಾಟುವುದು ಇದರಿಂದಾಗಿ ಸರಳವಾದ ಮಾತಾಯಿತು.

ಇಂದಿನ ಸಂಕಟ ಬೇರೆ ಬಗೆಯದು. ಕಡಿದಾದ ತೋಟಗಳಲ್ಲಿ ಬಯಲಿನ ತೋಟಕ್ಕಿಂತ ಹಲವು ಪಟ್ಟು ದುಡಿಮೆ ಬೇಕು. ಬಾಟಲಿನ ಬೆಲೆ ಅದಕ್ಕೆ ತಕ್ಕಂತೆ ಏರುವುದಿಲ್ಲ. ಮುಪ್ಪಿನವರು ಕೈಬಿಟ್ಟ ತೋಟವನ್ನು ಮಕ್ಕಳು ವಹಿಸಿಕೊಳ್ಳದಿದ್ದಲ್ಲಿ ಮುಳ್ಳುಪೊದೆ ಹಬ್ಬುತ್ತದೆ, ಕಲ್ಲುಕಟ್ಟೆ ಕುಸಿಯುತ್ತದೆ. ಹಲವರ ಆಕ್ಷೇಪದ ನಡುವೆ, ಕಣಿವೆಯಿಂದ 158 ಮೀಟರು ಎತ್ತರದಲ್ಲಿ ಕಟ್ಟಿದ ಹೆದ್ದಾರಿ ಸೇತುವೆಯೊಂದು 2019ರಲ್ಲಿ ತೆರೆಯಿತು. ಅದರ ಮೇಲೆ ಸಾಗುವ ವಾಹನ ಕೆಲವೇ ಕ್ಷಣಗಳಲ್ಲಿ ಕಣಿವೆಯನ್ನು ದಾಟಿಬಿಡುತ್ತದೆ.

ಆಸೋನಿಯಸ್ ಕಂಡ ದಾರಿಗನಿಗೂ ತೋಟಿಗನಿಗೂ ನಡುವೆ ಕೂಗು ಹರಿಯುತ್ತಿತ್ತಷ್ಟೆ. ಸೇತುವೆಯ ಮೇಲಿನವನಿಗೆ ಆ ಕೂಗು ಕೇಳಿಸದು. ದಂಡೆಯಲ್ಲಿ ಸೈಕಲ್ ತುಳಿಯುವವನಿಗೆ ಇನ್ನೂ ಕೇಳಿಸೀತು. ಅವನು ಸಂಜೆ ಒಂದು ಹಳ್ಳಿಯಲ್ಲಿ ತಂಗಿ, ಆ ತೋಟದ ಒಡೆಯನ ಮನೆಯಲ್ಲಿಯೇ ಊಟ ಮಾಡಿ, ಅವನ ಬೆಳೆಗೆ ನ್ಯಾಯವಾದ ಬೆಲೆ ಕೊಟ್ಟು ಹೋದರೆ, ಹದಿನಾರು ನೂರು ವರ್ಷಗಳ ಹಿಂದಿನ ಆ ಸಂವಾದ ಮುಂದುವರಿದೀತು.