ಯಾರ ಪೈಕಿ?

ಬಸ್ಸಿನಲ್ಲಿ ಗುರುತಿಲ್ಲದವರು ಪಕ್ಕಕ್ಕೆ ಬಂದು ಕೂತರೆ ನಮ್ಮ ಹಾವೇರಿ ಸೀಮೆಯವರು ಹೆಸರು ಕೇಳುವುದಿಲ್ಲ. ಮೊದಲು ‘ಯಾವೂರ್‌ರೀ?’, ಅದರ ಬೆನ್ನಿಗೇ ‘ಯಾರ ಪೈಕಿ?’. ಎರಡನೆಯದಕ್ಕೆ ತಕ್ಕ ಉತ್ತರ ಬಂದರೆ ಎಲೆ-ಅಡಿಕೆ ಸಂಚಿ ಬಿಚ್ಚುತ್ತದೆ, ಬರದಿದ್ದರೆ ನೋಟ ಕಿಟಕಿಯಾಚೆ ಹೊರಳುತ್ತದೆ. ಹಾನಗಲ್ಲ ದಾಟಿ ಮುಂಡಗೋಡದ ಕಾಡು ಹೊಕ್ಕ ಮೇಲೆ ಹತ್ತುತ್ತಿದ್ದ ಕೆಲವರಿಗೆ ಮಾತ್ರ ಈ ಎರಡೂ ಪ್ರಶ್ನೆ ಬೀಳುತ್ತಿರಲಿಲ್ಲ. ಅವರ ಗುಂಗುರು ಕೂದಲು, ಕಪ್ಪು ಮೈ ನೋಡಿದ ಯಾವನೋ ಬೀಜದ ವ್ಯಾಪಾರಿ ಅವರನ್ನು ಬಿಟ್ಟು ನನ್ನನ್ನು ಕೇಳುತ್ತಿದ್ದ: ‘ಕಂಡಕ್ಟರ್ರ, ಇವರು ಯಾವ ದೇಶದವರ್ರೀ?’ ಒಮ್ಮೆ ಒಬ್ಬ ಹುಡುಗ ತಾನೇ ತಿರುಗಿ ಹೇಳಿದ: ‘ಯಲ್ಲಾಪುರದವ್ರು. ನೀವು?’

ನಾನು ಐರಣಿಯವನು. ತುಂಗಭದ್ರೆಯ ದಂಡೆಯ ಊರು. ಮುರಿದ ಕೋಟೆ, ಹೊಳೆಮಠ, ಕುರಿ ಹಿಂಡು. ಅಜ್ಜನ ಕಾಲಕ್ಕೆ ಹೊಳೆಯ ಈ ದಂಡೆ ಮುಂಬೈ ಇಲಾಖೆ, ಆ ದಂಡೆ ಮೈಸೂರು ಮಹಾರಾಜರದು. ಧಾರವಾಡದಲ್ಲಿ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡು ಬಿ.ಎ. ಮಾಡಿದೆ, ಮಾಸ್ತರಿಕೆ ಸಿಗಲಿಲ್ಲ, ಸಾರಿಗೆ ಸಂಸ್ಥೆಯಲ್ಲಿ ನಿರ್ವಾಹಕನಾದೆ. ಘಟ್ಟದ ಕಡೆಯ ವಸ್ತಿ ಗಾಡಿಗೆ ಉಳಿದವರು ಒಲ್ಲೆ ಎನ್ನುತ್ತಿದ್ದರು, ಸೊಳ್ಳೆ ಮತ್ತು ಮಳೆಯ ಕಾರಣಕ್ಕೆ. ನಾನು ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಸಂಜೆ ಯಲ್ಲಾಪುರದಲ್ಲಿ ಗಾಡಿ ನಿಂತು, ವೇ-ಬಿಲ್ಲಿನ ಲೆಕ್ಕ ಕೂಡಿಸಿ, ಚಿಲ್ಲರೆ ಎಣಿಸಿ ಚೀಲ ಕಟ್ಟಿದರೆ ಬೆಳಗಿನ ತನಕ ಓದಬಹುದಿತ್ತು.

ಹಾಗೆ ಓದಿದ್ದರಲ್ಲಿ ಒಂದು ಮಾರ್ಕ್ ಟ್ವೇನನ ‘ಪಡ್ನ್‌ಹೆಡ್ ವಿಲ್ಸನ್’, 1894ರ ಕಾದಂಬರಿ. ಅದರಲ್ಲಿ ರಾಕ್ಸಿ ಎಂಬ ಆಳು ಹೆಂಗಸು ನೋಡಲಿಕ್ಕೆ ಬಿಳಿಯವಳೇ. ಆದರೆ ಅವಳ ರಕ್ತದ ಹದಿನಾರನೇ ಒಂದು ಪಾಲು ಕಪ್ಪು ಎಂದು ಲೆಕ್ಕ, ಅಷ್ಟಕ್ಕೇ ಅವಳು ಗುಲಾಮಳು. ಅವಳ ಮಗನದು ಮೂವತ್ತೆರಡನೇ ಒಂದು ಪಾಲು, ಅವನೂ ಗುಲಾಮ. ಅವಳು ತನ್ನ ಕೂಸನ್ನು ಧಣಿಯ ತೊಟ್ಟಿಲಿಗೆ ಹಾಕಿ, ಧಣಿಯ ಕೂಸನ್ನು ತನ್ನದೆಂದು ಸಾಕುತ್ತಾಳೆ. ಧಣಿಯಾಗಿ ಬೆಳೆದ ಮಗ ಮುಂದೆ ಹೆತ್ತ ತಾಯಿಯನ್ನೇ ಮಾರುತ್ತಾನೆ. ಕೊನೆಗೆ ಬೆರಳಚ್ಚು ಅವನನ್ನು ಹಿಡಿದುಕೊಡುತ್ತದೆ. ಇನ್ನೊಂದು, 1929ರಲ್ಲಿ ನೆಲ್ಲಾ ಲಾರ್ಸನ್ ಬರೆದ ‘ಪಾಸಿಂಗ್’. ಲಾರ್ಸನ್ನಳ ತಾಯಿ ಡೆನ್ಮಾರ್ಕಿನ ಬಿಳಿಯಳು, ತಂದೆ ಕೆರಿಬಿಯನ್ ದ್ವೀಪದ ಕಡೆಯವನು. ಅವಳ ಕಥೆಯ ಕ್ಲೇರ್ ತನ್ನ ಹುಟ್ಟು ಮುಚ್ಚಿಟ್ಟು ಬಿಳಿಯನನ್ನು ಮದುವೆಯಾಗಿದ್ದಾಳೆ. ಗಂಡನಿಗೋ ಕರಿಯರೆಂದರೆ ವಾಕರಿಕೆ, ಅದನ್ನು ಚಹಾಕ್ಕೆ ಕೂತಾಗ ಹೆಂಡತಿಯ ಮುಂದೆಯೇ ಹೇಳಿಕೊಂಡು ನಗುತ್ತಾನೆ. ಆ ಚಹಾದ ಪ್ರಸಂಗ ಓದುವಾಗ ನನಗೆ ಬೆವರು ಬಂದಿತ್ತು. ಇವು ಬರೀ ಕಲ್ಪನೆಯಲ್ಲ. 1924ರಲ್ಲಿ ವರ್ಜೀನಿಯಾ ರಾಜ್ಯ ಮಾಡಿದ ಕಾನೂನಿನಲ್ಲಿ ಬಿಳಿಯರು ಬಿಳಿಯರಲ್ಲದವರನ್ನು ಮದುವೆಯಾಗುವುದು ಅಪರಾಧ. ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿದ್ದು 1967ರಲ್ಲಿ.

ಓದಿ ಮುಗಿಸಿ ಬೆಳಿಗ್ಗೆ ಟಿಕೀಟು ಕೊಡಲು ನಿಂತರೆ ಎದುರಿಗೆ ಅದೇ ಗುಂಗುರು ಕೂದಲಿನವರು, ಸಿದ್ದಿಗಳು. ಅಮೆರಿಕದ ಕಾದಂಬರಿಗಳ ಗಂಟೆಲ್ಲ ರಕ್ತದ್ದು, ಯಾರ ಮೈಯಲ್ಲಿ ಎಷ್ಟು ತೊಟ್ಟು ಎಂಬುದು. ನಮ್ಮ ಈ ಕಾಡಿನಲ್ಲಿ ರಕ್ತವನ್ನು ಯಾರೂ ಅಳೆಯಲಿಲ್ಲ. ಇಲ್ಲಿ ನಡೆದದ್ದು ಮನೆಯ ಲೆಕ್ಕ: ಯಾರ ಮನೆಯಲ್ಲಿ ದುಡಿದೆ, ಯಾರ ಹೊಲದ ಬದುವಿನಲ್ಲಿ ಗುಡಿಸಲು ಹಾಕಿದೆ.

ಸಿದ್ದಿಗಳ ಕಥೆ ಗೋವೆಯಿಂದ ಹಿಡಿಯಬೇಕು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ಅವರ ಹಡಗುಗಳು ಮೊಜಾಂಬಿಕ್ ಕಡೆಯಿಂದ ಜನರನ್ನು ತಂದು ಮಾರಿದವು. ಮನೆಗೆಲಸಕ್ಕೆ, ಪಲ್ಲಕ್ಕಿ ಹೊರಲಿಕ್ಕೆ, ಕಾವಲಿಗೆ. ತಪ್ಪಿಸಿಕೊಂಡವರಿಗೆ ಸಮುದ್ರದ ದಾರಿ ಇರಲಿಲ್ಲ, ಇದ್ದದ್ದು ಘಟ್ಟ. ಹತ್ತಿ ಈಚೆ ಇಳಿದರೆ ಸೋದೆ ಅರಸರ ಕಾಡು, ಇವತ್ತಿನ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಮೇಲುಸೀಮೆ. ಬಿಡುಗಡೆಯಾಗಿ ಬಂದವರೂ ಇದ್ದಾರೆ, ಕೈಬದಲಾಗಿ ಬಂದವರೂ ಇದ್ದಾರೆ. ಕಂಪನಿ ಸರಕಾರ ತನ್ನ ಸೀಮೆಯಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ತೆಗೆದದ್ದು 1843ರಲ್ಲಿ. ಪೋರ್ಚುಗಲ್ ತನ್ನ ಸೀಮೆಗಳಲ್ಲಿ ಅದನ್ನು ರದ್ದು ಮಾಡಲು 1869 ಬರಬೇಕಾಯಿತು. ಆ ನಡುವೆ ಘಟ್ಟ ಹತ್ತುವುದಕ್ಕೆ ಒಳ್ಳೆಯ ಕಾರಣವೇ ಇತ್ತು.

ಇದೇ ಆಫ್ರಿಕದಿಂದ ಬಂದ ಬೇರೆ ಕೆಲವರಿಗೆ ದಖ್ಖನ್ನಿನಲ್ಲಿ ಬೇರೆಯದೇ ನಸೀಬು. ಇಥಿಯೋಪಿಯದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹ್ಮದನಗರದ ರಾಜ್ಯವನ್ನೇ ನಡೆಸಿ 1626ರಲ್ಲಿ ತೀರಿಕೊಂಡ. ಬಿಜಾಪುರದ ಆದಿಲಶಾಹಿಯ ಕೊನೆಗಾಲದಲ್ಲಿ ಸಿದ್ದಿ ಮಸೂದ ರಾಜ್ಯಭಾರ ನೋಡಿಕೊಂಡ, ಆಮೇಲೆ ಆದವಾನಿ ಕೋಟೆಯಲ್ಲಿ ಕೂತು ಆಳಿದ. ಅವನು ಕಟ್ಟಿಸಿದ ಮಸೀದಿ ಅಲ್ಲಿ ಇನ್ನೂ ಇದೆ. ಕತ್ತಿ ಹಿಡಿದ ಹಬಶಿಗೆ ಬಣ್ಣ ಅಡ್ಡ ಬರಲಿಲ್ಲ. ಗುದ್ದಲಿ ಹಿಡಿದವನಿಗೆ ಬಂತು. ಈ ಎರಡು ಮಾತು ಕೂಡಿಸಿ ಹೇಳುವವರು ಕಡಿಮೆ. ಕೋಟೆ ಕಟ್ಟಿದವರ ಕಥೆ ಪಠ್ಯಪುಸ್ತಕಕ್ಕೆ ಹೋಯಿತು, ಕಾಡು ಸೇರಿದವರದು ಬಸ್ಸಿನ ಪ್ರಶ್ನೆಯಾಗಿ ಉಳಿಯಿತು.

ಗೋವೆಯಲ್ಲಿ ಪೋರ್ಚುಗೀಸ್ ಧಣಿಯ ಮನೆಯಲ್ಲಿದ್ದವರು ಕ್ರೈಸ್ತರಾದರು. ಮುಸಲ್ಮಾನ ಧಣಿಗಳ ಕೆಳಗೆ ಬಂದವರು ಮುಸಲ್ಮಾನರಾದರು, ಇವರು ಹೆಚ್ಚಾಗಿ ಹಳಿಯಾಳದ ಕಡೆ. ಯಲ್ಲಾಪುರ, ಅಂಕೋಲೆಯ ಅಡಿಕೆ ತೋಟಗಳಲ್ಲಿ ಹವ್ಯಕ ಹೆಗಡೆ, ಭಟ್ಟರ ಆಳುಗಳಾದವರು ಹಿಂದೂಗಳಾದರು. ಪಂಡಿತರು ಕೊಡುವ ವಿವರಣೆಯೂ ಬಹುಮಟ್ಟಿಗೆ ಇದೇ, ಟಿ.ಸಿ. ಪಾಲಾಕ್ಷಪ್ಪನವರು 1976ರಷ್ಟು ಹಿಂದೆಯೇ ಉತ್ತರ ಕನ್ನಡದ ಸಿದ್ದಿಗಳ ಮೇಲೆ ಒಂದು ಪುಸ್ತಕ ಬರೆದಿದ್ದಾರೆ. ನನ್ನ ಗಾಡಿಯಲ್ಲಿ ಜೂಜೆ ಸಿದ್ದಿ ಇದ್ದ, ಹುಸೇನ ಸಿದ್ದಿ ಇದ್ದ, ಗಣಪತಿ ಸಿದ್ದಿಯೂ ಇದ್ದ. ಮೂವರೂ ಒಂದೇ ಸೀಟಿನಲ್ಲಿ ಕೂತು ಒಂದೇ ನಮೂನೆಯ ಕೊಂಕಣಿ ಮಾತಾಡಿಕೊಳ್ಳುತ್ತಿದ್ದರು.

ಧಣಿಗಳು ಧರ್ಮ ಕೊಟ್ಟರು ಸರಿ, ಸಿದ್ದಿಗಳು ಅದರೊಳಗೆ ತಮ್ಮದೊಂದು ಒಳದಾರಿ ಮಾಡಿಕೊಂಡರು. ಯಲ್ಲಾಪುರ ತಾಲ್ಲೂಕಿನ ಸಾತುಂಬೈಲಿನಲ್ಲಿ ಸಿದ್ದಿನಾಸ ಎಂಬ ದೇವರಿದೆ. ಅಲ್ಲಿಯ ಪೂಜೆಗೆ ಇಗರ್ಜಿಗೆ ಹೋಗುವವರೂ ಬರುತ್ತಾರೆ, ಮಸೀದಿಗೆ ಹೋಗುವವರೂ ಬರುತ್ತಾರೆ. ಡಮಾಮಿ ಎಂಬ ಡೋಲು ಬಡಿದರೆ ಮೂರೂ ಮತದ ಕಾಲು ಒಂದೇ ತಾಳಕ್ಕೆ ಬೀಳುತ್ತದೆ. ಧರ್ಮ ದಾಟಿದ ಮದುವೆಗಳೂ ಅವರಲ್ಲಿ ಉಂಟು. ನಮ್ಮ ತಾಲ್ಲೂಕಿನಲ್ಲಿ ಒಂದೇ ದೇವರ ಎರಡು ಒಳಪಂಗಡದವರು ಹೆಣ್ಣು ಕೊಡಲಿಕ್ಕೆ ಮೂರು ದಿನ ಪಂಚಾಯ್ತಿ ಹಾಕುತ್ತಾರೆ, ಅದನ್ನು ಕಂಡವನಿಗೆ ಇದರ ಬೆಲೆ ಗೊತ್ತಾಗುತ್ತದೆ.

ರಕ್ತವನ್ನು ಯಾರೂ ಅಳೆಯಲಿಲ್ಲ ಎಂದೆನಲ್ಲ, ಕೊನೆಗೂ ಅಳೆದರು, ಆದರೆ ಪ್ರಯೋಗಶಾಲೆಯಲ್ಲಿ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಜೊತೆಗಾರರೊಂದಿಗೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸಿದ್ದಿಗಳಲ್ಲಿ ಆಫ್ರಿಕದ ಬಾಂಟು ಜನರ ಅಂಶವಿದೆ, ಭಾರತದವರ ಅಂಶವಿದೆ, ಬಹುಶಃ ಪೋರ್ಚುಗೀಸರ ಅಂಶವೂ ಇದೆ. ಬೆರಕೆ ನಡೆದದ್ದು ಸುಮಾರು ಇನ್ನೂರು ವರ್ಷದ ಈಚೆಗೆ. ವರ್ಜೀನಿಯಾದ ಲೆಕ್ಕದಲ್ಲಿ ಇದಿಷ್ಟಕ್ಕೆ ಕೋರ್ಟು ಕಚೇರಿ ತುಂಬುತ್ತಿತ್ತು. ನಮ್ಮಲ್ಲಿ ಬೆರೆತ ಕೂಸೂ ಸಿದ್ದಿಯೇ; ತೋಟದ ಧಣಿಯ ಅಂಗಳದಾಚೆ ಬೆಳೆಯಿತು, ಒಳಗೆ ಬರಲಿಲ್ಲ. ಯಾವುದು ಹೆಚ್ಚು ಕ್ರೂರ ಎಂದು ತೂಗಲು ನಾನು ಹೋಗುವುದಿಲ್ಲ. ಆದರೆ ಜಾತಿಗೆ ಬೆರಳಚ್ಚಿನ ಗರಜೇ ಬೀಳಲಿಲ್ಲ ಎಂಬುದು ನನ್ನ ತಲೆಯಿಂದ ಹೋಗಿಲ್ಲ.

ಇವರನ್ನು ಕನ್ನಡದ ರಂಗಭೂಮಿ ಕಂಡ ಬಗೆ ಸ್ವಾರಸ್ಯದ್ದು. ಎಂಬತ್ತರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್‌ನವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಗೆ ಹೋದರು. ಚಿದಂಬರರಾವ್ ಜಂಬೆಯವರು ಸಿದ್ದಿಗಳನ್ನೇ ನಟರನ್ನಾಗಿ ಮಾಡಿ ಚಿನುವಾ ಅಚಿಬೆಯ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ಅನ್ನು ‘ಕಪ್ಪು ಜನ ಕೆಂಪು ನೆರಳು’ ಎಂದು ಆಡಿಸಿದರು. ಅದು ನೈಜೀರಿಯದ ಇಗ್ಬೊ ಊರೊಂದಕ್ಕೆ ಪಾದ್ರಿಗಳು, ಬಿಳಿಯರ ಸರಕಾರ ಬಂದು ಒಕೊಂಕ್ವೊ ಎಂಬ ಗಟ್ಟಿಗ ಮುರಿದುಬೀಳುವ ಕಥೆ. ಅದನ್ನು ಮೊದಲು ಕೇಳಿದಾಗ ನನಗೆ ಎರಡು ಮನಸ್ಸಾಯಿತು. ಸಿದ್ದಿಗಳೆಂದ ಕೂಡಲೇ ಆಫ್ರಿಕದ ಕಥೆಯೇ ಯಾಕೆ? ಇದೂ ‘ಯಾವ ದೇಶದವರ್ರೀ’ ಎಂಬುದರ ಓದಿದವರ ನಮೂನೆಯೋ? ಆದರೆ ಯೋಚಿಸಿದಷ್ಟೂ ಆ ಆಯ್ಕೆ ಸರಿ ಅನಿಸಿತು. ಆ ಕಥೆಯ ನಡುಗಂಟು ಬಣ್ಣವೊಂದೇ ಅಲ್ಲ. ಹೊರಗಿನಿಂದ ಬಂದ ಧರ್ಮ ಮನೆಯೊಳಗಿನ ಮಗನನ್ನೇ ಅಪ್ಪನಿಂದ ಬೇರೆ ಮಾಡುತ್ತದೆ. ಮೂರು ಧರ್ಮದಲ್ಲಿ ಹಂಚಿಹೋದವರಿಗಿಂತ ಚೆನ್ನಾಗಿ ಅದನ್ನು ಯಾರು ಆಡಬಲ್ಲರು? ಅಲ್ಲಿಂದ ಮುಂದೆ ಸಿದ್ದಿ ನಟರು, ಹಾಡುಗಾರರು ಕನ್ನಡ ರಂಗಕ್ಕೆ ಬರುತ್ತಲೇ ಇದ್ದಾರೆ, ಈಗ ಆಫ್ರಿಕದವರ ಪಾತ್ರಕ್ಕೆ ಕಾಯದೆ.

ಸರಕಾರದ ಕಣ್ಣು ಇನ್ನೊಂದು ಕಡೆ ಬಿತ್ತು. 1987ರ ಸುಮಾರಿಗೆ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದಾಗ, ಕ್ರೀಡಾ ಪ್ರಾಧಿಕಾರ ಸಿದ್ದಿ ಹುಡುಗ-ಹುಡುಗಿಯರನ್ನು ಆರಿಸಿ ತರಬೇತಿಗೆ ಒಯ್ದಿತು. ಆಫ್ರಿಕದ ಮೈಕಟ್ಟು, ಓಡಿದರೆ ಪದಕ ಬರುತ್ತದೆ ಎಂಬ ಲೆಕ್ಕ. ಪದಕ ಬಂದವು ಕೂಡ. 1993ರ ಹೊತ್ತಿಗೆ ಯೋಜನೆ ನಿಂತುಹೋಯಿತು, ಮಕ್ಕಳು ಕಾಡಿಗೆ ಮರಳಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಿರಬೇಕು. ಆದರೂ ಮೈ ನೋಡಿ ಕೆಲಸ ಹಂಚುವ ಚಾಳಿ ಗೋವೆಯ ಸಂತೆಯಲ್ಲೂ ಇದ್ದದ್ದೇ.

ಒಂದು ಕೌದಿಯ ವಿಷಯ ಹೇಳಬೇಕು. ಯಲ್ಲಾಪುರದ ಕಡೆಯಿಂದ ಒಬ್ಬ ಅಜ್ಜಿ ದೊಡ್ಡ ಗಂಟು ಹೊತ್ತು ಹತ್ತಿದಳು. ಲಗೇಜ್ ಟಿಕೀಟು ತಗೋಬೇಕು ಎಂದೆ. ‘ಹಾಸಿಗೆಗೂ ಟಿಕೀಟೇ ತಮ್ಮಾ?’ ಎಂದು ಗಂಟು ಬಿಚ್ಚಿಯೇಬಿಟ್ಟಳು. ಕೌದಿ ನನಗೆ ಹೊಸದಲ್ಲ, ಐರಣಿಯಲ್ಲಿ ನನ್ನವ್ವ ಹಳೆ ಇಳಕಲ್ಲ ಸೀರೆ ಒಳಗಿಟ್ಟು ಹೊಲಿಯುತ್ತಿದ್ದಳು. ಇದರ ನಡೆಯೇ ಬೇರೆ. ಒಂದು ಮೂಲೆಯಿಂದ ಶುರುವಾದ ಹೊಲಿಗೆ ಅಂಚು ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿದಿತ್ತು. ಬಿಳಿ ದಾರ, ಒಂದೊಂದು ಎಳೆಯೂ ಎಣಿಸುವಷ್ಟು ಎದ್ದು ಕಾಣುತ್ತಿತ್ತು. ಲುಂಗಿ ತುಂಡು, ಪೋಲಕದ ತುಂಡು, ಶಾಲೆಯ ನೀಲಿ ಅಂಗಿ, ಎಲ್ಲ ಹೇಗೆ ಬಂದವೋ ಹಾಗೆ. ನಾಲ್ಕೂ ಮೂಲೆಯಲ್ಲಿ ಬಟ್ಟೆ ಮಡಚಿ ಮಡಚಿ ಹೊಲಿದ ಮುಕ್ಕೋನದ ಗುಬ್ಬಿ. ಅದೇನೆಂದು ಕೇಳಿದೆ. ‘ಫುಲಾ’ ಎಂದಳು, ಹೂವು. ಅದಿಲ್ಲದಿದ್ದರೆ ಕೌದಿ ಬತ್ತಲೆ ಇದ್ದಹಾಗಂತೆ. ಇಗರ್ಜಿಯವರದಾದರೆ ನಡುವೆ ಶಿಲುಬೆ, ಮಸೀದಿಯವರದಾದರೆ ಅರ್ಧಚಂದ್ರ ಕೂಡಿಸುತ್ತಾರೆಂದೂ ಹೇಳಿದಳು. ಮೂಲೆಯ ಹೂವು ಮಾತ್ರ ಮೂವರಿಗೂ ಒಂದೇ. ಲಗೇಜ್ ಟಿಕೀಟು ಹರಿಯಲಿಲ್ಲ; ಈಗ ಹೇಳಿದರೆ ಮೆಮೊ ಕೊಡುವವರಿಲ್ಲ, ನಿವೃತ್ತನಾಗಿದ್ದೇನೆ.

ಆಮೇಲೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ಪ್ರಾಧ್ಯಾಪಕರು ಈ ಕೌದಿಗಳ ಬೆನ್ನು ಹತ್ತಿ ಬಂದು, 2004ರಲ್ಲಿ ಹೊಲಿಯುವ ಹೆಂಗಸರ ಸಹಕಾರಿ ಕೂಟಕ್ಕೆ ನೆರವಾಗಿ, ಅಮೆರಿಕದಲ್ಲಿ ಪ್ರದರ್ಶನ ಇಟ್ಟರೆಂದು ಓದಿದೆ. ಅಲ್ಲಿಯ ಕರಿಯ ಹೆಂಗಸರೂ ಚಿಂದಿ ಕೌದಿಗೆ ಹೆಸರಾದವರು. ಅದನ್ನೆಲ್ಲ ಆಫ್ರಿಕದಿಂದ ಬಂದ ಕಲೆ ಎನ್ನುವಾಗ ನನಗೆ ಸ್ವಲ್ಪ ತಕರಾರಿದೆ. ಉತ್ತರ ಕರ್ನಾಟಕದ ಮನೆಮನೆಯಲ್ಲಿ ಕೌದಿ ಇದೆ. ಸೂಜಿ ನಮ್ಮ ಸೀಮೆಯದಿರಬಹುದು, ಬಣ್ಣ ಕೂಡಿಸುವ ಧೈರ್ಯ ಅವರದು.

ಈ ಬೆರಕೆಗೆ ಕಾನೂನಿನಲ್ಲಿ ಒಂದು ಜಾಗ ಸಿಕ್ಕಿದ್ದು 2003ರಲ್ಲಿ, ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದಾಗ. ಇದರ ಮಹತ್ವ ತಿಳಿಯಬೇಕಾದರೆ ಪರಿಶಿಷ್ಟ ಜಾತಿಯ 1950ರ ಆದೇಶ ನೋಡಬೇಕು. ಅದು ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ. ಕ್ರೈಸ್ತರಿಗೆ, ಮುಸಲ್ಮಾನರಿಗೆ ಇಲ್ಲ. ಸಿದ್ದಿಗಳನ್ನು ಅಲ್ಲಿ ಹಾಕಿದ್ದರೆ ಗಣಪತಿ ಒಳಗೆ, ಜೂಜೆ ಮತ್ತು ಹುಸೇನ ಹೊರಗೆ. ಪಂಗಡದ ಪಟ್ಟಿಗೆ ಧರ್ಮದ ಅಡ್ಡಿಯಿಲ್ಲ. ಮೂವರಿಗೂ ಒಂದೇ ಪ್ರಮಾಣಪತ್ರ. ಸಾತುಂಬೈಲಿನ ದೇವರು ಮಾಡಿಕೊಂಡು ಬಂದದ್ದನ್ನು ತಹಶೀಲ್ದಾರ ಕಚೇರಿಯೂ ಒಪ್ಪಿದಂತಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣವಾದರು, ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ಅದೇ ವರ್ಷ ಪಾರ್ಲಿಮೆಂಟು ಪಟ್ಟಿ ತಿದ್ದಿ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯ ಸಿದ್ದಿಗಳನ್ನೂ ಸೇರಿಸಿತು.

ಹಾವೇರಿಯ ಹೆಸರು ಅದರಲ್ಲಿಲ್ಲ. 1997ರ ತನಕ ನಾವೂ ಧಾರವಾಡ ಜಿಲ್ಲೆಯವರೇ ಆಗಿದ್ದೆವು. ಆ ವರ್ಷ ಗೆರೆ ಎಳೆದು ಹಾವೇರಿಯನ್ನು ಬೇರೆ ಮಾಡಿದರು. ಹಾನಗಲ್ಲಿನಿಂದ ಮುಂಡಗೋಡಕ್ಕೆ ಬಸ್ಸಿನಲ್ಲಿ ಕೆಲವೇ ಸ್ಟೇಜು, ನಡುವೆ ಒಂದು ಜಿಲ್ಲೆಯ ಫಲಕ. ಆ ಕಡೆ ಬೇರು ಬಿಟ್ಟ ಸಿದ್ದಿ ಮನೆತನಕ್ಕೆ ಕಾಗದ ಸಿಗುತ್ತದೆ, ಈ ಕಡೆ ಬೇರು ಬಿಟ್ಟಿದ್ದರೆ ಸಿಗುವುದಿಲ್ಲ. ಈ ಫಲಕ ದಾಟುವಾಗ ಬಸ್ಸಿನಲ್ಲಿ ಯಾರೂ ತಲೆ ಎತ್ತಿ ನೋಡಿದ್ದನ್ನು ನಾನು ಕಂಡಿಲ್ಲ.