ಮದುವೆ ಸೀರೆ: ಕೊಳ್ಳೋದಾ, ನೇಯಿಸೋದಾ?

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕಾರಣ ಇಷ್ಟೆ, ನನ್ನ ಮದುವೆ ಗೊತ್ತಾಗಿದೆ :-) ಹುಡುಗ ಹೊನ್ನಾಳಿ ಕಡೆಯವನು, ನನ್ನ ಹಾಗೆಯೇ ಬೆಂಗಳೂರಿನಲ್ಲಿ ಕೋಡ್ ಬರೆದು ಬದುಕುವವನು. ವಿಷಯ ಗೊತ್ತಾದ ದಿನ ಆಫೀಸಿನಲ್ಲಿ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಹುಡುಗನ ಬಗ್ಗೆ ಅಲ್ಲ. "ಬಟ್ಟೆ ಯಾರ ಹತ್ರ ಡಿಸೈನ್ ಮಾಡಿಸ್ತಿದೀಯ?" ಅಂತ. ಒಬ್ಬಳು ಲೆಹೆಂಗಾ ಹೊಲಿಸಿದ್ದಳಂತೆ, ಇನ್ನೊಬ್ಬಳು ಸೆರಗಿನ ಮೇಲೆ ಇಬ್ಬರ ಹೆಸರು ಬರೆಸಿದ್ದಳಂತೆ. ನನಗೂ ಆಸೆ ಹುಟ್ಟಿತು. ಯಾರ ಹತ್ತಿರವೂ ಇಲ್ಲದ ಒಂದು ಸೀರೆಯನ್ನು ಹೇಳಿ ನೇಯಿಸಿದರೆ ಹೇಗೆ?

ಆ ವಾರ ಊರಿಗೆ ಹೋದಾಗ ಅಜ್ಜಿಗೆ ಹೇಳಿದೆ. ನಮ್ಮೂರು ಬಿಳಿಚೋಡು, ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಅಜ್ಜಿ ಆಶ್ಚರ್ಯಪಡುತ್ತಾಳೆ ಅಂದುಕೊಂಡಿದ್ದೆ. ಅವಳು ನಕ್ಕುಬಿಟ್ಟಳು. "ಅದ್ರಾಗೆ ಹೊಸದೇನೈತೆ? ನಮ್ಮ ಕಾಲ್ದಾಗೆ ಎಲ್ಲಾರ ಸೀರೆನೂ ಹೇಳಿ ನೇಯ್ಸಿದ್ದೇ" ಅಂದವಳೇ ಟ್ರಂಕಿನಿಂದ ಒಂದು ಗಂಟು ತೆಗೆದಳು. ಒಳಗೆ ಇಡೀ ಸೀರೆ ಇರಲಿಲ್ಲ. ಕೆಂಪು ಪಟ್ಟಿ, ನಡುವೆ ಬಿಳಿ ಪಟ್ಟಿ ಇರುವ ರೇಷ್ಮೆ ಸೆರಗು ಮಾತ್ರ ಇತ್ತು. 1966ರಲ್ಲಿ ಅವಳು ಮದುವೆಗೆ ಉಟ್ಟ ಇಳಕಲ್ ಸೀರೆಯ ಸೆರಗು. ನೂಲಿನ ಒಡಲು ಸವೆದು ಹರಿದ ಮೇಲೆ ಕೌದಿಗೆ ಹೋಯಿತು. ನಾನು ಚಿಕ್ಕವಳಿದ್ದಾಗ ಹೊದ್ದ ಕೌದಿಯಲ್ಲೇ ಆ ಒಡಲಿತ್ತಂತೆ! ರೇಷ್ಮೆಯ ಸೆರಗು ಮಾತ್ರ ಉಳಿದುಕೊಂಡಿತ್ತು.

ಸೆರಗಿನ ಒಂದು ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಡಲನ್ನು ಕತ್ತರಿಸಿ ತೆಗೆದ ಜಾಗದಲ್ಲಿ ಸಾಲಾಗಿ ಸಣ್ಣ ಸಣ್ಣ ಕುಣಿಕೆಗಳು. ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ.

ಬಟ್ಟೆ ಅಂದರೆ ಹಾಸು ಮತ್ತು ಹೊಕ್ಕು. ಉದ್ದಕ್ಕೆ ಬಿಗಿದ ಎಳೆ ಹಾಸು, ಲಾಳಿ ಅಡ್ಡಕ್ಕೆ ಎಳೆದು ತರುವ ಎಳೆ ಹೊಕ್ಕು. ಸಾಮಾನ್ಯವಾಗಿ ಒಂದೇ ಹಾಸು ಸೀರೆಯ ಈ ತುದಿಯಿಂದ ಆ ತುದಿಯವರೆಗೆ ಹೋಗುತ್ತದೆ. ಇಳಕಲ್ ಸೀರೆಯಲ್ಲಿ ಹಾಗಲ್ಲ. ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಎರಡರ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸಿ ಆಮೇಲೆ ನೇಯುತ್ತಾರೆ. ಅದರಿಂದಲೇ ನೂಲಿನ ಒಡಲಿಗೆ ಅಪ್ಪಟ ರೇಷ್ಮೆಯ ಸೆರಗು ಕೂಡಿಕೊಳ್ಳುತ್ತದೆ. ಜೋಳದ ತೆನೆಯ ಹೆಸರು ಹೊತ್ತ ತೋಪುತೆನೆ ಸೆರಗು ಇದೇ. ಅಂಚಿಗೂ ಒಡಲಿಗೂ ಬೇರೆ ಬೇರೆ ಬಣ್ಣ ಬರಲಿ ಅಂತ ಮೂರು ಲಾಳಿ ಓಡಿಸಿ ಹೊಕ್ಕಿನ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾರೆ, ಅದು ಕೊಂಡಿ.

ಇದರ ಪರಿಣಾಮ ನೋಡಿ. ಒಂದೊಂದು ಸೀರೆಗೂ ಸೆರಗನ್ನು ಹೊಸದಾಗಿ ಕೂಡಿಸಬೇಕು. ಹಾಗಾಗಿ ಸೀರೆ 6 ಗಜದ್ದೋ, 8 ಗಜದ್ದೋ, 9 ಗಜದ್ದೋ ಅನ್ನುವುದು ಹಾಸು ಹೂಡುವ ಮೊದಲೇ ತೀರ್ಮಾನವಾಗಬೇಕು. ಅಜ್ಜಿಯ ಲೆಕ್ಕದಲ್ಲಿ ಹೇಳುವುದಾದರೆ ಹದಿನಾರು ಮೊಳವೋ ಹದಿನೆಂಟು ಮೊಳವೋ ಅಂತ. ಸಂತೆಗೆ ಬರುತ್ತಿದ್ದ ಜವಳಿ ವ್ಯಾಪಾರಿ ಅವಳಪ್ಪನ ಹತ್ತಿರ ಕೇಳಿಕೊಂಡು ಹೋದದ್ದೂ ಅಷ್ಟೇ: ಎಷ್ಟು ಮೊಳ, ಯಾವ ಬಣ್ಣ, ಯಾವ ದಡಿ. ದಡಿಯಲ್ಲಿ ಚಿಕ್ಕಿ, ಗೋಮಿ, ಗಾಡಿ ಅಂತ ನಾಲ್ಕೈದು ಬಗೆ. ಮದುವಣಗಿತ್ತಿಗೆ ಹೆಸರಾದ ಬಣ್ಣ ಗಿರಿ ಕುಂಕುಮ. ಬೇರೆ ಹುಡುಗಿಯರಿಗಿಂತ ಭಿನ್ನವಾಗಿ ಕಾಣಬೇಕು ಅಂತ ಯಾರೂ ಹೇಳಿ ನೇಯಿಸುತ್ತಿರಲಿಲ್ಲ. ನೇಯಿಸದಿದ್ದರೆ ಸೀರೆಯೇ ಇರುತ್ತಿರಲಿಲ್ಲ, ಅಷ್ಟೆ.

ಹಾಗಾದರೆ ಈ ಪದ್ಧತಿ ಯಾವಾಗ ತಪ್ಪಿತು? ಅದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಹತ್ತಿ ಗಿರಣಿಗಳ ಊರು. ಈಗ ಆ ಗಿರಣಿಗಳು ಇಲ್ಲ, ಡಿ.ಸಿ.ಎಂ. ಟೌನ್‌ಶಿಪ್ ಅನ್ನುವ ಹೆಸರು ಉಳಿದಿದೆ. ಗಿರಣಿ ಬಟ್ಟೆ ಥಾನುಗಟ್ಟಲೆ ಬರುತ್ತದೆ, ನೇಯ್ದಾದ ಮೇಲೆ ಕತ್ತರಿ ಹಾಕಿ ಅಳೆದು ಕೊಡುತ್ತಾರೆ. ಇಳಕಲ್ಲಿನಲ್ಲಿ ಅಳತೆ ಮೊದಲು, ನೇಯ್ಗೆ ಆಮೇಲೆ. ಗಿರಣಿ ಬಟ್ಟೆಯಲ್ಲಿ ಉಲ್ಟಾ. ಆಮೇಲೆ ಪವರ್‌ಲೂಮ್ ಬಂತು. 1985ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ಮಾಡಿ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು, 1996ರಲ್ಲಿ ಅದನ್ನು 11ಕ್ಕೆ ಇಳಿಸಿತು. ಸೀರೆ ಪಟ್ಟಿಯಲ್ಲಿ ಉಳಿಯಿತು ನಿಜ. ಆದರೆ ಇಳಕಲ್ ಹೆಸರಿನ ಪವರ್‌ಲೂಮ್ ಸೀರೆ ಯಾವ ಅಂಗಡಿಯಲ್ಲಿ ಸಿಗುವುದಿಲ್ಲ ಹೇಳಿ? 2007ರಲ್ಲಿ ಇಳಕಲ್ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದ ಮೇಲೂ ಅಷ್ಟೆ. ಕೊಳ್ಳುವಾಗ ಸೆರಗು, ಒಡಲು ಕೂಡುವ ಜಾಗ ನೋಡಿ. ಅಲ್ಲಿ ಕುಣಿಕೆ ಇಲ್ಲದಿದ್ದರೆ ಅದು ತೋಪುತೆನೆ ಅಲ್ಲ.

ಇಷ್ಟು ತಿಳಿದ ಮೇಲೂ ನನ್ನ ಹುಚ್ಚು ಬಿಡಲಿಲ್ಲ. ನನಗೆ ಬೇಕಾದದ್ದು ನನ್ನದೇ ಡಿಸೈನು. ಅದಕ್ಕೆ ಹತ್ತಿರದ ಊರು ಮೊಳಕಾಲ್ಮೂರು. ನಾನು ಹುಟ್ಟಿದ 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು, ಅಲ್ಲಿಯತನಕ ಜಗಳೂರೂ ಮೊಳಕಾಲ್ಮೂರೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳೇ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೂ 2011ರಲ್ಲಿ ಭೌಗೋಳಿಕ ಗುರುತು ಬಂದಿದೆ. ಒಂದು ಭಾನುವಾರ ತಮ್ಮನ ಬೈಕಿನಲ್ಲಿ ಹೋಗಿಯೇಬಿಟ್ಟೆ.

ಮಗ್ಗದ ಮೇಲೆ ನೇತಾಡುತ್ತಿದ್ದ ತೂತಿನ ರಟ್ಟುಗಳ ಸಾಲು ನೋಡಿ ನನಗೆ ನಗು ಬಂತು. ಫ್ರಾನ್ಸಿನ ಲಿಯಾನ್‌ನಲ್ಲಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಯಂತ್ರ ಅದು. ತೂತು ಇದ್ದರೆ ಎಳೆ ಮೇಲೆ, ಇಲ್ಲದಿದ್ದರೆ ಕೆಳಗೆ. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ರಟ್ಟಿನ ಉಪಾಯ ತೆಗೆದುಕೊಂಡದ್ದು ಇದರಿಂದಲೇ. ನನ್ನ ಹೊಟ್ಟೆಪಾಡಿನ ಮುತ್ತಜ್ಜ ಮೊಳಕಾಲ್ಮೂರಿನ ಒಂದು ಪಡಸಾಲೆಯಲ್ಲಿ ಟಕಟಕ ಅನ್ನುತ್ತಿತ್ತು. ನಾನು ಉಮೇದಿನಲ್ಲಿ ನನ್ನ ಯೋಜನೆ ಬಿಚ್ಚಿಟ್ಟೆ. ನಮ್ಮಿಬ್ಬರ ಹೆಸರನ್ನು ಸೊನ್ನೆ ಒಂದುಗಳಲ್ಲಿ ಬರೆದು ಅಂಚಿಗೆ ಹಾಕುವುದು. (ನಗಬೇಡಿ. ಹುಡುಗನಿಗೂ ಇಷ್ಟವಾಗಿತ್ತು.)

ನೇಕಾರರು ನಗಲಿಲ್ಲ. ಕೂರಿಸಿ ಲೆಕ್ಕ ಹೇಳಿದರು. "ಒಂದು ಹೊಕ್ಕಿಗೆ ಒಂದು ರಟ್ಟು ಕಣಮ್ಮ. ಹೊಸ ಅಂಚು ಅಂದ್ರೆ ನೂರಾರು ರಟ್ಟು ಹೊಡೆಸ್ಬೇಕು. ಐವತ್ತು ಸೀರೆಗೂ ಅದೇ ಖರ್ಚು, ಒಂದು ಸೀರೆಗೂ ಅದೇ ಖರ್ಚು. ಹಾಸು ಹೂಡಿದ್ರೆ ಒಂದೇ ಸೀರೆಗೆ ಹೂಡಲ್ಲ, ಮೂರ್ನಾಲ್ಕು ಬರ್ತವೆ. ನಿನ್ನ ಸೊನ್ನೆ ಒಂದು ಹಾಕಿದ್ದನ್ನ ಉಳಿದೋರು ಯಾರು ಉಡ್ತಾರೆ?" ಒಂದೇ ಗಿರಾಕಿಗೆ ಬೇಕಾದ ಫೀಚರ್ ಬಗ್ಗೆ ನಾನು ನಮ್ಮ ಮ್ಯಾನೇಜರಿಗೆ ಹೇಳುವ ಮಾತೇ ಇದು. ಮಗ್ಗ ಎಷ್ಟು ದಿನ ನನ್ನೊಬ್ಬಳಿಗಾಗಿ ನಿಲ್ಲುತ್ತದೋ ಅಷ್ಟು ದಿನದ ಕೂಲಿ ನಾನು ಕೊಡಬೇಕು, ನ್ಯಾಯವೇ. ಅವರು ಹೇಳಿದ ಮೊತ್ತ ಕೇಳಿ ಮಾತಾಡದೆ ಎದ್ದೆ. ನಮ್ಮ ಕಡೆ ಮಳೆ ನಂಬಿ ಮೆಕ್ಕೆಜೋಳ ಬಿತ್ತುವ ಅಪ್ಪಾಜಿ ಮದುವೆಗೆ ಅಂತ ಆಗಲೇ ಸೊಸೈಟಿಯಲ್ಲಿ ಸಾಲ ಮಾಡಿದ್ದರು.

ಅದಕ್ಕಿಂತ ದೊಡ್ಡ ತೊಡಕು ಆಮೇಲೆ ಬಂತು. ನಮ್ಮ ಕಡೆ ಮದುವೆಗೆ ಮೊದಲು ಎರಡೂ ಮನೆಯವರು ಸೇರಿ ದಾವಣಗೆರೆಗೆ ಹೋಗಿ ಜವಳಿ ತೆಗೆಯುತ್ತಾರೆ. ಚೌಕಿಪೇಟೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತು ಅತ್ತೆಯರಿಗೆ, ಚಿಕ್ಕಮ್ಮಂದಿರಿಗೆ, ಎಲ್ಲರಿಗೂ ಸೀರೆ ಆರಿಸಿ, ಬೆಣ್ಣೆ ದೋಸೆ ತಿಂದು ಬರುವ ಶಾಸ್ತ್ರ. ಧಾರೆ ಸೀರೆ ಗಂಡಿನ ಕಡೆಯವರದು. ನಾನೇ ಸೀರೆ ನೇಯಿಸುತ್ತೇನೆ ಅನ್ನುವ ಸುದ್ದಿ ಹೊನ್ನಾಳಿ ಮುಟ್ಟಿತು. ಆಗಲಿರುವ ಅತ್ತೆ ಫೋನ್ ಮಾಡಿ ಮೆಲ್ಲಗೆ ಕೇಳಿದರು, "ಹಂಗಾದ್ರೆ ನಾವು ತಂದಿದ್ದು ಉಡಲ್ವೇನಮ್ಮ?" ಬೈದಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆ. ಇದಕ್ಕೆ ಬಾಯಿ ಬರಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಹೇಳಿ ಮಾಡಿಸಿದ ಪ್ರಸಿದ್ಧ ಮದುವೆ ಉಡುಪುಗಳನ್ನೆಲ್ಲ ಓದುತ್ತಾ ಕೂತೆ. 1840ರಲ್ಲಿ ವಿಕ್ಟೋರಿಯಾ ರಾಣಿ ಉಟ್ಟ ಬಿಳಿ ಉಡುಪಿಗೆ ರೇಷ್ಮೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರದು, ಲೇಸು ಡೆವನ್ ಸೀಮೆಯ ಹಳ್ಳಿ ಹೆಂಗಸರದು. ಕೈಕಸುಬಿನವರಿಗೆ ಕೆಲಸ ಸಿಗಲಿ ಅಂತಲೇ ಕೊಟ್ಟ ಆರ್ಡರು ಅದು. 1942ರ ಮಾರ್ಚ್‌ನಲ್ಲಿ ಅಲಹಾಬಾದಿನ ಆನಂದಭವನದಲ್ಲಿ ಇಂದಿರಾ ಉಟ್ಟದ್ದು ತಿಳಿಗುಲಾಬಿ ಖಾದಿ ಸೀರೆ, ನೂಲು ಅಪ್ಪ ನೆಹರೂ ಜೈಲಿನಲ್ಲಿ ಕೂತು ತೆಗೆದದ್ದು. ಇನ್ನು 2018ರಲ್ಲಿ ನಮ್ಮ ಬೆಂಗಳೂರಿನ ದೀಪಿಕಾ ಪಡುಕೋಣೆ ಇಟಲಿಯಲ್ಲಿ ಮದುವೆಯಾದಾಗ ಕೊಂಕಣಿ ಶಾಸ್ತ್ರದ ಸೀರೆಯನ್ನು ಎಲ್ಲರೂ ಹೆಸರಾಂತ ಡಿಸೈನರ್ ಸಬ್ಯಸಾಚಿಯದು ಅಂದುಕೊಂಡರು. ಆಮೇಲೆ ಅವರೇ ತಿಳಿಸಿದರು, ಅದು ಪದ್ಧತಿಯಂತೆ ತಾಯಿ ಕೊಟ್ಟ ಸೀರೆ, ಬೆಂಗಳೂರಿನ ಅಂಗಡಿಯದು ಅಂತ.

ಮೂರರಲ್ಲೂ ಜನ ನೆನಪಿಟ್ಟುಕೊಂಡದ್ದು ಡಿಸೈನನ್ನಲ್ಲ. ಯಾರು ಮಾಡಿದರು, ಯಾರು ಕೊಟ್ಟರು ಅನ್ನುವುದನ್ನು. ನಾನು ಮಾತ್ರ ಮಾಡುವವರನ್ನೂ ಕೊಡುವವರನ್ನೂ ಬಿಟ್ಟು, ಉಡುವ ನನ್ನೊಬ್ಬಳದೇ ಲೆಕ್ಕ ಹಾಕಿದ್ದೆ.

ಮರುದಿನ ಅತ್ತೆಗೆ ಫೋನ್ ಮಾಡಿದೆ. ಧಾರೆಗೆ ನೀವು ಆರಿಸಿದ ಸೀರೆಯೇ, ಜವಳಿ ದಿನ ನಾನು ಪಕ್ಕದಲ್ಲಿ ಕೂತಿರುತ್ತೇನೆ ಅಂದೆ. ಇನ್ನು ರವಿಕೆ. ಈಗ ದಾವಣಗೆರೆಯ ದರ್ಜಿ ಅಂಗಡಿಗಳ ಬೋರ್ಡಿನಲ್ಲೆಲ್ಲ 'ಮಗ್ಗಂ ವರ್ಕ್' ಅಂತ ಇರುತ್ತದೆ. ಚೌಕಟ್ಟಿಗೆ ಬಟ್ಟೆ ಬಿಗಿದು ಮಣಿ, ಜರಿ ಹೊಲಿಯುವ ಕಸೂತಿ ಅದು, ಮಗ್ಗಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನ ರವಿಕೆಗೆ 9,000 ಹೇಳಿದ್ದರು. ಅದನ್ನು ಕೈಬಿಟ್ಟೆ. ಅದಕ್ಕಿಂತ ಕಡಿಮೆಗೆ ಅರಿಶಿನದ ದಿನ ಉಡಲು ಒಂದು ಇಳಕಲ್ ಸೀರೆ ನೇಯಿಸುವುದು ಅಂತಾಯಿತು. ಅಜ್ಜಿಯದರಂತೆಯೇ ನೂಲಿನ ಒಡಲು, ಗಿರಿ ಕುಂಕುಮ, ಚಿಕ್ಕಿ ದಡಿ, ತೋಪುತೆನೆ ಸೆರಗು. ರವಿಕೆಗೆ ಗುಳೇದಗುಡ್ಡದ ಖಣ. ನನ್ನದೇ ಅನ್ನುವ ಡಿಸೈನು ಅದರಲ್ಲಿ ಒಂದು ಎಳೆಯೂ ಇಲ್ಲ.

ಇಳಕಲ್ಲಿನ ನೇಕಾರರಿಗೆ ಫೋನ್ ಹಚ್ಚಿ ಬಣ್ಣ, ದಡಿ ಎಲ್ಲ ಹೇಳಿದೆ. ಅವರು ತಿರುಗಿ ಕೇಳಿದ್ದು ಒಂದೇ. "ಎಷ್ಟು ಗಜರೀ?"

ಆರು ಅನ್ನಲು ಹೊರಟಿದ್ದೆ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ಅಜ್ಜಿ ಮೊಣಕೈಯಲ್ಲಿ ತಿವಿದಳು. "ಎಂಟು ಅನ್ನು. ನಾಳೆ ಕೌದಿಗೆ ಬ್ಯಾಡೇನು?"

ಎಂಟು ಅಂದೆ. ಹಾಸು ಹೂಡಿದ್ದಾರಂತೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಸೆರಗು ಇದ್ದರೆ ಒಮ್ಮೆ ತೆಗೆದು ತುದಿಯ ಕುಣಿಕೆ ನೋಡಿ, ಎಷ್ಟು ಮೊಳದ್ದು ಅಂತ ಅಜ್ಜಿಯನ್ನು ಕೇಳಿ. ನನಗೂ ಹೇಳಿ.