ಗಂಧದ ಮರದ ನೆಂಟರು

ಮೂರು ವರ್ಷಗಳ ಹಿಂದೆ ನಮ್ಮ ಹಿತ್ತಿಲಿಗೆ ಒಂದು ಶ್ರೀಗಂಧದ ಸಸಿ ತಂದೆ. ಗೊಬ್ಬರ ಹಾಕಿದೆ, ನೀರೆರೆದೆ, ಸುತ್ತಲಿನ ಹುಲ್ಲು ಕಳೆಗಳನ್ನೆಲ್ಲ ಕಿತ್ತು ಚೊಕ್ಕಟ ಮಾಡಿದೆ. ಸಸಿ ದಿನೇ ದಿನೇ ಹಳದಿಗೆ ತಿರುಗಿತು. ಅದನ್ನು ಕೊಟ್ಟ ಮುದುಕನನ್ನು ಕೇಳಿದರೆ ನಕ್ಕುಬಿಟ್ಟ. “ಅದರ ಅನ್ನವನ್ನು ನೀವೇ ಕಿತ್ತೆಸೆದಿದ್ದೀರಲ್ಲ ಸ್ವಾಮಿ! ಪಕ್ಕದಲ್ಲಿ ನಾಲ್ಕು ತೊಗರಿಕಾಳು ಊರಿ” ಎಂದ. ತೊಗರಿ ಮೊಳಕಾಲುದ್ದ ಬೆಳೆಯುವಷ್ಟರಲ್ಲಿ ಸಸಿಗೆ ಹಸಿರು ಮರಳಿತು.

ಮುದುಕನಿಗೆ ಗೊತ್ತಿದ್ದ ಈ ಗುಟ್ಟನ್ನು ಪಂಡಿತರ ಗಮನಕ್ಕೆ ತಂದವನು ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಜಾನ್ ಸ್ಕಾಟ್, 1871ರಲ್ಲಿ. 1906ರಲ್ಲಿ ಮದರಾಸಿನ ಸಸ್ಯವಿಜ್ಞಾನಿ ಬಾರ್ಬರ್ ಅದನ್ನು ಕೂಲಂಕಷವಾಗಿ ವರ್ಣಿಸಿದ. ಗಂಧದ ಬೇರು ನೆರೆಯ ಗಿಡದ ಬೇರನ್ನು ಸೋಕಿದೊಡನೆ ಅಲ್ಲಿ ಒಂದು ಗುಂಡಿಯಂಥ ಹೀರುಬೇರು ಹುಟ್ಟಿ ಒಳಗೆ ಚುಚ್ಚಿಕೊಳ್ಳುತ್ತದೆ. ನೀರನ್ನೂ ಲವಣವನ್ನೂ ಎಳೆದುಕೊಳ್ಳುತ್ತದೆ. ಆದರೆ ಎಲೆ ಹಸಿರಾಗಿರುವುದರಿಂದ ಅಡುಗೆ ಮಾತ್ರ ತನ್ನದೇ. ಬಂದಳಿಕೆಯ ಹಾಗೆ ಇದೂ ಅರೆ ಪರಾವಲಂಬಿ, ಕೆಲಸವೆಲ್ಲ ನೆಲದಡಿಯಲ್ಲಿ. ಹೀಗೆ ಆಶ್ರಯ ಕೊಡಬಲ್ಲ ಗಿಡಜಾತಿಗಳು ಮುನ್ನೂರಕ್ಕೂ ಹೆಚ್ಚು. ಸಗಣಿಯವನ ಸಂಗಡ ಸರಸಕ್ಕಿಂತ ಗಂಧದವನ ಸಂಗಡ ಗುದ್ದಾಟ ಲೇಸು ಎಂಬ ಗಾದೆ ಇದೆಯಷ್ಟೆ. ಪಕ್ಕದ ಹೊಂಗೆಯನ್ನು ಕೇಳಿದರೆ ಏನನ್ನುತ್ತದೋ!

ಮೇಲಿನ ನೆಂಟಸ್ತಿಕೆಯ ರೀತಿಯೇ ಬೇರೆ. ಕಪ್ಪಾಗಿ ಹಣ್ಣಾದ ಗಂಧದ ಕಾಯನ್ನು ಕೋಗಿಲೆ, ಪಿಕಳಾರ, ಕುಟ್ರುಹಕ್ಕಿಗಳು ತಿಂದು, ಬೀಜವನ್ನು ಯಾವುದೋ ಪೊದೆಯ ಕೆಳಗೆ ಉದುರಿಸುತ್ತವೆ. ಹಕ್ಕಿಗೆ ಹಣ್ಣು, ಮರಕ್ಕೆ ಪ್ರಯಾಣ. ಅಲ್ಲಿ ಬೇಕಾದ ಬೇರುಗಳೂ ಉಂಟು, ದನ ಬಾಯಿ ಹಾಕದಂತೆ ಮುಳ್ಳಿನ ಬೇಲಿಯೂ ಉಂಟು.

ಮನುಷ್ಯನ ನೆಂಟಸ್ತಿಕೆಗೆ ಬಂದರೆ ಕಥೆ ಅಷ್ಟು ಸರಳವಲ್ಲ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಬಂದ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ಹೊಲ ರೈತನದು, ಅದರಲ್ಲಿ ಹುಟ್ಟಿದ ಗಂಧ ಮಾತ್ರ ಅರಮನೆಯದು! ಕಾವಲು ತನ್ನದು, ಮರ ಕಳುವಾದರೆ ವಿಚಾರಣೆಯೂ ತನಗೇ ಎಂದಮೇಲೆ ಹಕ್ಕಿ ಬಿತ್ತಿದ ಸಸಿಯನ್ನು ರೈತ ಚಿಕ್ಕದಿರುವಾಗಲೇ ಚಿವುಟಿದರೆ ಅವನನ್ನು ದೂರಲು ನನಗೆ ಮನಸ್ಸು ಬಾರದು. ನೆಲದ ಒಡೆಯನೇ ಮರದ ಒಡೆಯನೆಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರಲ್ಲಿ. ಇನ್ನೂರು ವರ್ಷ ದಾಟಿದ ಮೇಲೆ.

ಇದರ ನಡುವೆ ಕರೆಯದೆ ಬಂದ ಇನ್ನೊಬ್ಬ ನೆಂಟನುಂಟು. 1899ರ ಸುಮಾರಿಗೆ ಕೊಡಗಿನಲ್ಲಿ ಗಂಧದ ಮರಗಳಿಗೆ ವಿಚಿತ್ರವಾದ ರೋಗ ಕಾಣಿಸಿತು. ಎಲೆ ಕಿರಿದಾಗಿ, ಗಡುಸಾಗಿ, ರೆಂಬೆಯ ಮೇಲೆ ಮುಳ್ಳಿನಂತೆ ನೆಟ್ಟಗೆ ನಿಲ್ಲುವುದು, ಹೂವಿಲ್ಲ, ಹಣ್ಣಿಲ್ಲ, ಹೀರುಬೇರುಗಳು ಸತ್ತು, ಎರಡು ಮೂರು ವರ್ಷಗಳಲ್ಲಿ ಮರವೇ ಒಣಗುವುದು. ಸ್ಪೈಕ್ ರೋಗವೆಂದು ಹೆಸರಾಯಿತು. ಅದು ಮೈಸೂರಿಗೂ ಹಬ್ಬಿ ಲಕ್ಷಗಟ್ಟಲೆ ಮರಗಳು ಹೋದವು. ಬೊಕ್ಕಸಕ್ಕೇ ಕುತ್ತು ಬಂದಾಗ, ಕಾರಣವನ್ನೂ ಮದ್ದನ್ನೂ ಕಂಡುಹಿಡಿದವರಿಗೆ ಮೈಸೂರು ಸರ್ಕಾರ ಹತ್ತು ಸಾವಿರ ರೂಪಾಯಿ ಬಹುಮಾನ ಸಾರಿತು. ಲಂಟಾನವೇ ಅಪರಾಧಿ ಎಂದರು ಕೆಲವರು. ಕಾಡುಕಿಚ್ಚಿನಿಂದ ಆಸರೆಯ ಗಿಡಗಳು ಸತ್ತು ಮರದ ರಸದ ಹದ ಕೆಟ್ಟಿದೆ ಎಂದರು ಇನ್ನು ಕೆಲವರು. ಮೈಸೂರಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ರೋಗದ ರೆಂಬೆಯನ್ನು ಒಳ್ಳೆಯ ಮರಕ್ಕೆ ಕಸಿ ಮಾಡಿ, ಇದು ಅಂಟುರೋಗವೆಂದು 1917ರ ಹೊತ್ತಿಗೆ ತೋರಿಸಿಕೊಟ್ಟರು. ಅಂಟಿಸುವ ಜೀವಿ ಯಾವುದು? ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ವರ್ಷಗಟ್ಟಲೆ ಹುಡುಕಿದರು. ಅಂದಿನ ಸೂಕ್ಷ್ಮದರ್ಶಕಕ್ಕೆ ಅದು ಕಾಣಲಿಲ್ಲ. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ, ಆಹಾರ ಹರಿಯುವ ನಾಳಗಳಲ್ಲಿ, ಕೋಶಭಿತ್ತಿಯೇ ಇಲ್ಲದ ಅತಿ ಸಣ್ಣ ಜೀವಿಗಳು ಸಿಕ್ಕವು. ಈಗ ಅವಕ್ಕೆ ಫೈಟೊಪ್ಲಾಸ್ಮ ಎಂದು ಹೆಸರು. ರಸ ಹೀರುವ ಹುಳುಗಳು ಅವನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ಪರಾವಲಂಬಿಗೇ ಒಂದು ಪರಾವಲಂಬಿ, ಅದಕ್ಕೊಂದು ವಾಹನ!

ನನ್ನ ಹಿತ್ತಿಲಿನ ತೊಗರಿ ಕಳೆದ ವರ್ಷ ಒಣಗಿತು. ಮುದುಕನ ಸಲಹೆಯಂತೆ ಮೊದಲೇ ಒಂದು ಹೊಂಗೆ ನೆಟ್ಟಿದ್ದೆ. ಗಂಧ ಈಗ ನನ್ನ ಎದೆಯೆತ್ತರ ಬಂದಿದೆ. ಹೊಂಗೆ ಯಾಕೋ ಸ್ವಲ್ಪ ಬಡವಾಗಿದೆ. ಬಿಸಿಲಿನ ಕಾರಣವಿದ್ದರೂ ಇರಬಹುದು. ಅದಕ್ಕೆ ದಿನವೂ ಒಂದು ಕೊಡ ನೀರು ಹೆಚ್ಚು ಹಾಕುತ್ತಿದ್ದೇನೆ.